ಮುಖ್ಯ ಗುರುಗಳು ಮೀಟಿಂಗಿಗೆ ಹೋದ ದಿನ

ಪ್ರಾರ್ಥನೆ ಮುಗಿದು ಮಕ್ಕಳು ಸಾಲು ಕಟ್ಟಿ ತರಗತಿಗಳಿಗೆ ಹೋಗುವ ಹೊತ್ತಿಗೆ ಅಡುಗೆ ಕೋಣೆಯಿಂದ ಒಬ್ಬಾಕೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬರುತ್ತಿದ್ದರು. "ಟೀಚರ್, ಇವತ್ತು ಎಷ್ಟು ಮಕ್ಕಳು? ಅಕ್ಕಿ ಎಷ್ಟು ಹಾಕಲಿ, ಮೊಟ್ಟೆ ಎಷ್ಟು ಇಡಲಿ?" ರಾಜ್ಯದಲ್ಲಿ ಬಿಸಿಯೂಟದ ಯೋಜನೆ ಅಕ್ಷರ ದಾಸೋಹ 2002ರಲ್ಲಿ ಮೊದಲು ಶುರುವಾದ ಜಿಲ್ಲೆಗಳಲ್ಲಿ ರಾಯಚೂರು, ಕೊಪ್ಪಳ, ಬಳ್ಳಾರಿಗಳೂ ಇದ್ದವು. ಅಂದಿನಿಂದ ನಮ್ಮ ಕಡೆಯ ಪ್ರತಿ ಶಾಲೆಯಲ್ಲೂ ಎಷ್ಟು ಮಕ್ಕಳು ಎಂಬ ಪ್ರಶ್ನೆ ದಿನಕ್ಕೊಮ್ಮೆ ಕೇಳಿಬರುತ್ತದೆ. ಅದನ್ನು ಯಾರಿಗೆ ಕೇಳುತ್ತಾರೆ ಎಂಬುದು ಮಾತ್ರ ಶಾಲೆಯಿಂದ ಶಾಲೆಗೆ ಬೇರೆ. ಮಾನ್ವಿ ಕಡೆಯ ನಮ್ಮ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಒಂಬತ್ತು ವರ್ಷ ಅದು ನನ್ನ ಬಳಿ ಬಂತು. ನಾನು ಮುಖ್ಯ ಗುರುವಲ್ಲ. ಆದೇಶ ಪತ್ರದಲ್ಲಿ ನಾನು ಬರೀ ಸಹ ಶಿಕ್ಷಕಿ.

ಶಾಲೆಯ ನಾಯಕತ್ವ ಎಂದಾಗ ಎಲ್ಲರ ಕಣ್ಣೂ ಮುಖ್ಯ ಗುರುಗಳ ಕುರ್ಚಿಯ ಮೇಲೆ ಹೋಗುತ್ತದೆ. ನಾನು ಬರೆಯಹೊರಟಿರುವುದು ಆ ಕುರ್ಚಿಯ ಪಕ್ಕದಲ್ಲಿರುವವರ ಬಗ್ಗೆ. ಸಹಿ ಮಾಡುವ ಅಧಿಕಾರವಿಲ್ಲದೆ ಆರರಿಂದ ಎಂಟನೆಯ ತರಗತಿಯ ಮಕ್ಕಳನ್ನೂ ಅವರ ಶಿಕ್ಷಕರನ್ನೂ ಒಬ್ಬರು ಹೇಗೆ ನಡೆಸುತ್ತಾರೆ ಎಂಬುದು ಹೊರಗಿನಿಂದ ನೋಡುವವರಿಗೆ ಕಾಣುವುದಿಲ್ಲ. ಒಳಗಿರುವ ಎಷ್ಟೋ ಜನರಿಗೂ ಕಾಣುವುದಿಲ್ಲ.

ಅಮೆರಿಕದಲ್ಲಿ ಈ ಕೆಲಸಕ್ಕೆ ಅಸಿಸ್ಟೆಂಟ್ ಪ್ರಿನ್ಸಿಪಾಲ್ ಎಂಬ ಹೆಸರಿದೆ, ಸಂಬಳವಿದೆ, ಬೇರೆ ಕೋಣೆಯೂ ಇದೆ. ಅಲ್ಲಿ ಆರರಿಂದ ಎಂಟರವರೆಗಿನ ತರಗತಿಗಳದೇ ಪ್ರತ್ಯೇಕ ಮಿಡಲ್ ಸ್ಕೂಲ್ ಇರುವುದು ಸಾಮಾನ್ಯ. ಶಿಸ್ತು, ಹಾಜರಿ, ವೇಳಾಪಟ್ಟಿ, ಬಸ್ಸು, ಪರೀಕ್ಷೆ ಎಲ್ಲವೂ ಬಹುತೇಕ ಈ ಎರಡನೆಯವರ ತಲೆಯ ಮೇಲೆ. 1990ರ ಸುಮಾರಿಗೆ ಆ ದೇಶದ ಸರ್ಕಾರಿ ಶಾಲೆಗಳಲ್ಲಿ ಇಂಥವರು ಸುಮಾರು 44 ಸಾವಿರ ಇದ್ದರು, 2015-16ರ ಹೊತ್ತಿಗೆ 80 ಸಾವಿರ ದಾಟಿದರು. ನಮ್ಮಲ್ಲಿ ಪದವಿಪೂರ್ವ ಕಾಲೇಜಿಗೆ ಅಂಟಿಕೊಂಡ ಪ್ರೌಢಶಾಲೆಗಳಲ್ಲಿ ಉಪ ಪ್ರಾಂಶುಪಾಲರು ಎಂಬ ಹುದ್ದೆಯಿದೆ. ಕುಕನೂರಿನಲ್ಲೋ ಮುದಗಲ್ಲಿನಲ್ಲೋ ಇರುವಂಥ ನವೋದಯ ವಿದ್ಯಾಲಯಗಳಲ್ಲೂ ಇದೆ. ಹಳ್ಳಿಯ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಇಲ್ಲ. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ತೆರೆದು ನೋಡಿ. ಆರರಿಂದ ಎಂಟನೆಯ ತರಗತಿಗೆ ವಿಜ್ಞಾನ-ಗಣಿತಕ್ಕೊಬ್ಬರು, ಸಮಾಜ ವಿಜ್ಞಾನಕ್ಕೊಬ್ಬರು, ಭಾಷೆಗೊಬ್ಬರು, 35 ಮಕ್ಕಳಿಗೊಬ್ಬರು ಶಿಕ್ಷಕರು ಬೇಕು. ಮಕ್ಕಳು ನೂರು ದಾಟಿದರೆ ಪೂರ್ಣಾವಧಿಯ ಮುಖ್ಯ ಶಿಕ್ಷಕರು ಬೇಕು. ಎರಡನೆಯವರ ಬಗ್ಗೆ ಒಂದಕ್ಷರವೂ ಇಲ್ಲ.

ಹುದ್ದೆ ಇಲ್ಲ ಎಂದ ಮಾತ್ರಕ್ಕೆ ಕೆಲಸ ಇಲ್ಲ ಎಂದಾಗುವುದಿಲ್ಲವಲ್ಲ. ಮುಖ್ಯ ಗುರುಗಳು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ, ಬ್ಯಾಂಕಿಗೆ, ಪಂಚಾಯಿತಿಗೆ, ತರಬೇತಿಗೆ ಎಂದು ವಾರದಲ್ಲಿ ಎರಡು ದಿನವಾದರೂ ಊರು ಬಿಡುತ್ತಾರೆ. ಆಗ "ನೀವು ನೋಡಿಕೊಳ್ಳಿ ಮೇಡಂ" ಎಂದು ಬೀರುವಿನ ಕೀಲಿ ಕೈಗಿಡುತ್ತಾರೆ. ನಾಯಕತ್ವ ಎಂಬ ದೊಡ್ಡ ಶಬ್ದ ನನ್ನ ಮಟ್ಟಿಗೆ ಈ ಮೂರು ಪದಗಳಿಂದ ಶುರುವಾಯಿತು. ಏನನ್ನು ನೋಡಿಕೊಳ್ಳಬೇಕು, ಎಲ್ಲಿಯವರೆಗೆ ನೋಡಿಕೊಳ್ಳಬಹುದು ಎಂದು ಯಾರೂ ಹೇಳಲಿಲ್ಲ.

ನನಗೆ ಪಾಠ ಕಲಿಸಿದ್ದು ಬದಲಿ ತರಗತಿಯ ಪಟ್ಟಿ. ಇದು ತೀರಾ ಸಣ್ಣ ವಿಷಯ ಎಂದು ಅನ್ನಿಸಬಹುದು. ನನ್ನ ಅನುಭವದಲ್ಲಿ ಇಡೀ ಶಾಲೆಯ ನ್ಯಾಯ-ಅನ್ಯಾಯ ಆ ಒಂದು ಹಾಳೆಯಲ್ಲಿ ಕೂತಿರುತ್ತದೆ.

ಒಂದು ದಿನದ ಲೆಕ್ಕ ಹೇಳುತ್ತೇನೆ. ಒಂದರಿಂದ ಏಳನೆಯ ತರಗತಿ. ಒಂದರಿಂದ ಮೂರು ತರಗತಿಗಳು ಚಟುವಟಿಕೆಯ ಮೂಲಕ ಕಲಿಸುವ ನಲಿ-ಕಲಿಯಲ್ಲಿ ಒಂದೇ ಕೋಣೆಯಲ್ಲಿ ಕೂರುತ್ತವೆ. ಅತಿಥಿ ಶಿಕ್ಷಕರೂ ಸೇರಿ ನಾವು ಏಳು ಜನ. ಗಣಿತದವರು ತರಬೇತಿಗೆ ಹೋಗಿದ್ದಾರೆ, ಇನ್ನೊಬ್ಬರದು ಸಾಂದರ್ಭಿಕ ರಜೆ, ಮುಖ್ಯ ಗುರುಗಳು ಮೀಟಿಂಗಿಗೆ. ಉಳಿದವರು ನಾಲ್ವರು, ಕೋಣೆಗಳು ಐದು. ಈಗ ಆರನೆಯ ತರಗತಿಯ ಎರಡನೆಯ ಅವಧಿಗೆ ಯಾರನ್ನು ಕಳಿಸಬೇಕು?

ಸುಲಭದ ಉತ್ತರ ಒಂದಿದೆ, ಬಹಳ ಶಾಲೆಗಳಲ್ಲಿ ಅದೇ ನಡೆಯುತ್ತದೆ: ಅತಿಥಿ ಶಿಕ್ಷಕರನ್ನು ಕಳಿಸುವುದು. ಅವರು ಇಲ್ಲ ಎನ್ನುವುದಿಲ್ಲ. ಮುಂದಿನ ಜೂನ್‌ನಲ್ಲಿ ತಮ್ಮನ್ನು ಮತ್ತೆ ಕರೆಯುತ್ತಾರೋ ಇಲ್ಲವೋ ಎಂಬ ಅಳುಕು ಅವರ ಬಾಯಿ ಕಟ್ಟಿರುತ್ತದೆ. ಖಾಲಿ ಹುದ್ದೆಗಳ ನಮ್ಮ ಭಾಗದಲ್ಲಿ ಅತಿಥಿ ಶಿಕ್ಷಕರಿಲ್ಲದೆ ಶಾಲೆಗಳು ನಡೆಯುವುದೇ ಇಲ್ಲ. ಹಾಗಿದ್ದೂ ಹೆಚ್ಚು ಹೊರೆ ಬೀಳುವುದು ಅವರ ಮೇಲೆಯೇ. ಮೊದಲ ವರ್ಷ ನಾನೂ ಹಾಗೆಯೇ ಮಾಡಿದೆ. ದೀಪಾವಳಿಯ ಹೊತ್ತಿಗೆ ನಮ್ಮ ಅತಿಥಿ ಶಿಕ್ಷಕನಾಗಿದ್ದ ಹುಡುಗ ದಿನಕ್ಕೆ ಒಂದು ಬಿಡುವಿನ ಅವಧಿಯೂ ಇಲ್ಲದೆ ಪಾಠ ಮಾಡುತ್ತಿದ್ದ. ಅವನ ಸ್ವಂತ ವಿಷಯದ ಪಾಠ ಹಿಂದೆ ಬಿತ್ತು. ಆಮೇಲೆ ಸಭೆಯಲ್ಲಿ "ನಿಮ್ಮ ವಿಷಯದಲ್ಲಿ ಮಕ್ಕಳು ಹಿಂದಿದ್ದಾರೆ" ಎಂದು ಬೈಗುಳ ಬಿದ್ದದ್ದೂ ಅವನಿಗೇ. ನಾನು ತಲೆ ತಗ್ಗಿಸಿ ಕೂತಿದ್ದೆ. ಹೊಣೆ ನನ್ನ ಪಟ್ಟಿಯದು ಎಂದು ಗೊತ್ತಿದ್ದವಳು ಅಲ್ಲಿ ನಾನೊಬ್ಬಳೇ.

ಮರುದಿನ ಒಂದು ಕೆಲಸ ಮಾಡಿದೆ. ಯಾರು ಎಷ್ಟು ಬದಲಿ ಅವಧಿ ತೆಗೆದುಕೊಂಡರು ಎಂದು ತಿಂಗಳ ಲೆಕ್ಕವನ್ನು ಒಂದು ಡ್ರಾಯಿಂಗ್ ಹಾಳೆಯ ಮೇಲೆ ಬರೆದು ಶಿಕ್ಷಕರ ಕೋಣೆಯ ಗೋಡೆಗೆ ಅಂಟಿಸಿದೆ. ಮೊದಲ ಸಾಲಿನಲ್ಲಿ ನನ್ನ ಹೆಸರು. ಏಳನೆಯ ತರಗತಿಯ ಕೊನೆಯ ಅವಧಿ ಎಂದರೆ ಆಟ ಮುಗಿಸಿ ಬಂದ ಮಕ್ಕಳು, ಬೆವರಿನ ವಾಸನೆ, ಯಾರಿಗೂ ಬೇಡದ ಹೊತ್ತು. ಅದನ್ನು ಖಾಲಿ ಬಿದ್ದಾಗಲೆಲ್ಲ ನಾನೇ ತೆಗೆದುಕೊಂಡೆ. ಎರಡು ವಾರ ಯಾರೂ ಏನೂ ಹೇಳಲಿಲ್ಲ. ಮೂರನೆಯ ವಾರ, ನನಗಿಂತ ಹಿರಿಯರಾದ ಹಿಂದಿ ಶಿಕ್ಷಕರು ಗೋಡೆಯ ಮುಂದೆ ನಿಂತು, "ನನ್ನದು ಎರಡೇ ಇದೆ, ನಾಳೆ ಆರನೆಯದು ನನಗೆ ಬರೆಯಿರಿ" ಎಂದರು. ನಾನು ಆದೇಶ ಕೊಟ್ಟಿದ್ದರೆ ಅವರು ಖಂಡಿತ ಒಪ್ಪುತ್ತಿರಲಿಲ್ಲ. ಸೇವಾ ಹಿರಿತನದ ಲೆಕ್ಕ ತೆಗೆಯುತ್ತಿದ್ದರು, ತೆಗೆಯುವ ಹಕ್ಕೂ ಅವರಿಗಿತ್ತು.

ಅಧಿಕಾರವಿಲ್ಲದ ನಾಯಕತ್ವ ನಡೆಯುವ ಬಗೆ ಇದು. ಮುಖ್ಯ ಗುರುಗಳು ಹೇಳಿದರೆ ಜನ ಮಾಡುತ್ತಾರೆ, ಏಕೆಂದರೆ ಸಹಿ ಮಾಡುವ ಅಧಿಕಾರ ಅವರದು. ಎರಡನೆಯವರ ಕೈಯಲ್ಲಿ ಅಂಥದ್ದೇನೂ ಇಲ್ಲ. ಅವರ ಬಳಿ ಇರುವುದು ಮಾಹಿತಿ ಮಾತ್ರ: ಯಾರ ಮನೆಯಲ್ಲಿ ಯಾರಿಗೆ ಹುಷಾರಿಲ್ಲ, ಯಾವ ತರಗತಿ ಯಾರ ಮಾತು ಕೇಳುತ್ತದೆ, ಯಾವ ಬಸ್ಸು ತಡವಾದರೆ ಯಾರು ತಡವಾಗುತ್ತಾರೆ. ಈ ಮಾಹಿತಿಯನ್ನು ಮುಚ್ಚಿಟ್ಟುಕೊಂಡು ಆಟವಾಡುವವರನ್ನೂ ನೋಡಿದ್ದೇನೆ. ಅವರು ಸ್ವಲ್ಪ ಕಾಲ ಬಲಶಾಲಿಗಳಂತೆ ಕಾಣುತ್ತಾರೆ. ಗೋಡೆಗೆ ಅಂಟಿಸಿದ ದಿನ ನನ್ನ ಕೈಯಿಂದ ಆ ಸಣ್ಣ ಬಲವೂ ಹೋಯಿತು, ಆಗಲೇ ಜನ ಮಾತು ಕೇಳತೊಡಗಿದರು. ಇದರ ತರ್ಕ ನನಗೆ ಅರ್ಥವಾಗಲು ವರ್ಷಗಳು ಬೇಕಾದವು.

ಬದಲಿ ಅವಧಿಯಲ್ಲಿ ಏನು ಮಾಡಿಸಬೇಕು ಎಂಬುದು ಇನ್ನೊಂದು ಅರ್ಧ. "ಸುಮ್ಮನೆ ಕೂತು ಪಾಠ ನಕಲು ಮಾಡಿ" ಎಂದರೆ ಹನ್ನೆರಡು ವರ್ಷದ ಮಕ್ಕಳು ಐದು ನಿಮಿಷ ಕೂರುತ್ತಾರೆ. ಹಾಗಾಗಿ ಒಂದು ಚೀಲ ಇಟ್ಟುಕೊಂಡಿದ್ದೆ. ಅದರಲ್ಲಿ ಹಳೆಯ ದಿನಪತ್ರಿಕೆಗಳು, ಜಿಲ್ಲೆಯ ನಕ್ಷೆ, ಅಳತೆ ಟೇಪು. ಯಾರು ಹೋದರೂ ಚೀಲ ಹಿಡಿದು ಹೋಗಬಹುದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತಲ್ಲ, ಅದರ ನಂತರದ ಸೋಮವಾರ ಮಕ್ಕಳ ಬಾಯಲ್ಲಿ ಬೇರೆ ಮಾತೇ ಇರಲಿಲ್ಲ. ನಮ್ಮೂರಿನ ಗದ್ದೆಗಳು ಎಡದಂಡೆ ಕಾಲುವೆಯ ನೀರನ್ನೇ ನಂಬಿವೆ. ಅಂದು ಪತ್ರಿಕೆ ಬಿಡಿಸಿ ಲೆಕ್ಕ ಹಾಕಿದೆವು. ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು, ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. 11,574 ಕ್ಯೂಸೆಕ್ ನೀರು ಒಂದು ದಿನವಿಡೀ ಹರಿದರೆ ಒಂದು ಟಿಎಂಸಿ. ಹಾಗಾದರೆ ಒಂದು ಲಕ್ಷ ಕ್ಯೂಸೆಕ್ ಹರಿದರೆ ದಿನಕ್ಕೆ ಎಷ್ಟು ಹೋಯಿತು? ಭಾಗಾಕಾರ ಎಂದರೆ ಮುಖ ತಿರುಗಿಸುತ್ತಿದ್ದ ಹುಡುಗರು ಎಂಟೂವರೆ ಟಿಎಂಸಿಗಿಂತ ಸ್ವಲ್ಪ ಹೆಚ್ಚು ಎಂದು ತಾವೇ ಕಂಡುಹಿಡಿದು ಗಾಬರಿಯಾದರು. ಒಬ್ಬ ಎದ್ದು ನಿಂತು, "ಹಾಗಾದರೆ ನಮ್ಮ ಹೊಲಕ್ಕೆ ನೀರು ಬರುತ್ತದೋ ಇಲ್ಲವೋ, ಟೀಚರ್?" ಎಂದ. ಅದಕ್ಕೆ ನನ್ನ ಚೀಲದಲ್ಲಿ ಉತ್ತರವಿರಲಿಲ್ಲ.

ಇನ್ನು ಶಿಸ್ತು. ಎರಡನೆಯವರು ಎಂದರೆ ಬೆತ್ತ ಹಿಡಿಯುವವರು ಎಂಬ ಹಳೆಯ ಕಲ್ಪನೆ ನಮ್ಮಲ್ಲಿ ಗಟ್ಟಿಯಾಗಿದೆ. ಮುಖ್ಯ ಗುರುಗಳು ಒಳ್ಳೆಯವರಾಗಿ ಉಳಿಯಬೇಕು, ಬೈಯುವ ಪಾಲು ಇನ್ನೊಬ್ಬರದು. ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಬೆತ್ತ ಬೀರುವಿನ ಹಿಂದೆ ಹೋಯಿತು, ಅದರ ಜಾಗಕ್ಕೆ ಏನು ಬರಬೇಕು ಎಂದು ಮಾತ್ರ ಬಹಳ ಶಾಲೆಗಳು ಯೋಚಿಸಲೇ ಇಲ್ಲ.

ಹನ್ನೊಂದರಿಂದ ಹದಿನಾಲ್ಕರ ವಯಸ್ಸಿಗೆ ಒಂದು ವಿಶೇಷವಿದೆ. ಮೂರನೆಯ ತರಗತಿಯ ಮಗು ಬೈದರೆ ಅಳುತ್ತದೆ, ಸಂಜೆಗೆ ಮರೆಯುತ್ತದೆ. ಏಳನೆಯ ತರಗತಿಯ ಹುಡುಗ ಗೆಳೆಯರ ಎದುರು ಮರ್ಯಾದೆ ಹೋಗುವುದಕ್ಕಿಂತ ಶಾಲೆ ಬಿಡುವುದೇ ಲೇಸು ಎಂದುಕೊಳ್ಳುತ್ತಾನೆ, ನಿಜಕ್ಕೂ ಬಿಟ್ಟುಬಿಡುತ್ತಾನೆ. ಆದ್ದರಿಂದ ಏನು ಹೇಳುತ್ತೇವೆ ಎಂಬುದರಷ್ಟೇ ಎಲ್ಲಿ, ಯಾರ ಎದುರು ಹೇಳುತ್ತೇವೆ ಎಂಬುದೂ ಮುಖ್ಯವಾಗುತ್ತದೆ.

ಒಮ್ಮೆ ಏಳನೆಯ ತರಗತಿಯ ಹುಡುಗನೊಬ್ಬ ನೀರಿನ ತೊಟ್ಟಿಯ ನಲ್ಲಿಯನ್ನು ಕಲ್ಲಿನಿಂದ ಜಜ್ಜಿ ಮುರಿದ. ಅವನ ತರಗತಿ ಶಿಕ್ಷಕರು ಕೆಂಡವಾಗಿದ್ದರು. "ಇವನಿಗೆ ಟಿಸಿ ಕೊಟ್ಟು ಕಳಿಸಿ." ಮುಖ್ಯ ಗುರುಗಳು ಊರಲ್ಲಿಲ್ಲ. ನಾನು ಹುಡುಗನನ್ನು ಕಚೇರಿಗೆ ಕರೆಯಲಿಲ್ಲ, ಹಾಜರಿ ಪುಸ್ತಕಗಳನ್ನು ಅವನ ಕೈಗೆ ಕೊಟ್ಟು ಜೊತೆಗೆ ನಡೆಯಲು ಹೇಳಿದೆ. ಪಕ್ಕಪಕ್ಕದಲ್ಲಿ ನಡೆಯುವಾಗ ಮಕ್ಕಳು ಕಣ್ಣು ಕೊಟ್ಟು ನೋಡಬೇಕಿಲ್ಲ, ಮಾತು ಸಲೀಸಾಗಿ ಬರುತ್ತದೆ. ಬಾವಿಕಟ್ಟೆಯವರೆಗೆ ಹೋಗಿ ಬರುವಷ್ಟರಲ್ಲಿ ವಿಷಯ ಹೊರಬಂತು. ಅವರ ಹೊಲ ಕಾಲುವೆಯ ಕೊನೆಯ ಭಾಗದಲ್ಲಿದೆ. ಹಗಲಲ್ಲಿ ಮೇಲಿನವರು ನೀರು ಎಳೆದುಕೊಳ್ಳುತ್ತಾರೆ, ಇವರಿಗೆ ಸಿಕ್ಕರೆ ರಾತ್ರಿ. ಮೂರು ರಾತ್ರಿ ಅಪ್ಪನ ಜೊತೆ ನೀರು ಕಟ್ಟಲು ಹೋಗಿದ್ದಾನೆ. ತರಗತಿಯಲ್ಲಿ ತೂಕಡಿಸಿದ್ದಾನೆ, ಶಿಕ್ಷಕರು "ರಾತ್ರಿ ಕಳ್ಳತನಕ್ಕೆ ಹೋಗಿದ್ದೆಯಾ?" ಎಂದು ಎಲ್ಲರ ಎದುರು ನಗಿಸಿದ್ದಾರೆ.

ಕಾರಣ ಗೊತ್ತಾಯಿತು ಎಂದು ನಲ್ಲಿ ಸರಿಹೋಗುವುದಿಲ್ಲ. ಹುಡುಗ ಮತ್ತು ಅವನ ಅಪ್ಪ ಶನಿವಾರ ಬಂದು ಹೊಸ ನಲ್ಲಿ ಕೂರಿಸಿದರು. ನಲ್ಲಿಯ ದುಡ್ಡನ್ನು ಶಾಲೆಯ ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರು ಕೊಟ್ಟರು, ಕೆಲಸ ಇವರದು. ಶಿಕ್ಷಕರ ಬಗ್ಗೆ ಹುಡುಗನ ಎದುರು ನಾನು ಒಂದು ಮಾತೂ ಆಡಲಿಲ್ಲ. ನಲ್ಲಿ ಮುರಿದ ದಿನವೇ ಸಂಜೆ ಆ ಶಿಕ್ಷಕರ ಬೈಕಿನ ಬಳಿ ನಿಂತು, ನೀರು ಕಟ್ಟುವ ಕಥೆಯನ್ನಷ್ಟೇ ಹೇಳಿದೆ. ಅವರು ತುಸು ಹೊತ್ತು ಹೆಲ್ಮೆಟ್ಟನ್ನು ಕೈಯಲ್ಲಿ ತಿರುಗಿಸುತ್ತ ನಿಂತರು. ಅವರೂ ಕಾಲುವೆಯ ಕೊನೆಯ ಭಾಗದ ರೈತನ ಮಗನೇ.

ಶಿಕ್ಷಕರನ್ನು ಮಕ್ಕಳ ಎದುರು ಬಿಟ್ಟುಕೊಡಬಾರದು, ಭಿನ್ನಾಭಿಪ್ರಾಯವನ್ನು ಅದೇ ದಿನ ಏಕಾಂತದಲ್ಲಿ ಹೇಳಬೇಕು ಎಂಬುದು ನನ್ನ ನಿಯಮ. ಇದಕ್ಕೊಂದು ಮಿತಿಯಿದೆ, ಆ ಮಿತಿಯನ್ನು ನಾನು ತಪ್ಪು ಮಾಡಿ ಕಲಿತೆ. ಹಿಂದಿನ ಶಾಲೆಯೊಂದರಲ್ಲಿ ಸಹೋದ್ಯೋಗಿಯೊಬ್ಬರು ಹುಡುಗಿಯ ಕೈಗೆ ಸ್ಕೇಲಿನ ಅಂಚಿನಿಂದ ಹೊಡೆದದ್ದನ್ನು ಬಾಗಿಲಲ್ಲಿ ನಿಂತು ನೋಡಿದೆ. ಒಗ್ಗಟ್ಟು ಎಂದುಕೊಂಡು ಸುಮ್ಮನಿದ್ದೆ. ಸಂಜೆ ಅವರಿಗೆ ಹೇಳಿದೆ, ಅವರು ನಕ್ಕರು. ಆ ಹುಡುಗಿ ನನ್ನನ್ನು ಬಾಗಿಲಲ್ಲಿ ನೋಡಿದ್ದಳು. ಮುಂದಿನ ಎರಡು ವರ್ಷ ನನ್ನ ಬಳಿ ಯಾವ ತೊಂದರೆಯನ್ನೂ ಹೇಳಿಕೊಂಡು ಬರಲಿಲ್ಲ. ಕೈ ಎತ್ತಿದ ಕ್ಷಣದಲ್ಲಿ ಒಳಗೆ ಹೋಗಿ ನಿಲ್ಲಲೇಬೇಕು. ಸಹೋದ್ಯೋಗಿಯ ಮುಖ ಆಮೇಲೆ ನೋಡಿಕೊಳ್ಳಬಹುದು.

ಹಾಜರಿಯ ವಿಷಯಕ್ಕೆ ಬಂದರೆ, ನಮ್ಮ ಕಡೆ ಅದು ಹತ್ತಿಯ ವಿಷಯ. ಮಳೆಗಾಲ ಕಳೆದು ಹತ್ತಿ ಒಡೆಯತೊಡಗಿದರೆ ಆರು-ಏಳನೆಯ ತರಗತಿಯ ಬೆಂಚುಗಳು ಖಾಲಿಯಾಗುತ್ತವೆ. ಬೆಳಗಿನ ಆರಕ್ಕೆ ಟಂಟಂ ವಾಹನ ಬಂದು ಅಗಸಿಯ ಬಳಿ ನಿಲ್ಲುತ್ತದೆ, ಹೆಂಗಸರ ನಡುವೆ ಮಕ್ಕಳೂ ಹತ್ತುತ್ತಾರೆ. ತಾಯಂದಿರಿಗೆ ಓದಿನ ಬೆಲೆ ಗೊತ್ತಿಲ್ಲ ಎಂದು ನಮ್ಮ ಅಧಿಕಾರಿಗಳು ಭಾಷಣ ಮಾಡುತ್ತಾರೆ. ನನಗೆ ಅದನ್ನು ಕೇಳಿದರೆ ಸಿಟ್ಟು ಬರುತ್ತದೆ. ಹತ್ತಿ ಬಿಡಿಸುವ ಕೂಲಿ ಕಿಲೋ ಲೆಕ್ಕದ್ದು. ದಿನಗೂಲಿಯಾಗಿದ್ದರೆ ಮಗು ಜೊತೆಗಿದ್ದರೂ ಇಲ್ಲದಿದ್ದರೂ ತಾಯಿಗೆ ಅಷ್ಟೇ. ತೂಕದ ಲೆಕ್ಕವಾದಾಗ ಮಗಳ ಉಡಿಯಲ್ಲಿ ತುಂಬಿದ ಹತ್ತಿಯೂ ತಾಯಿಯ ತಕ್ಕಡಿಗೇ ಬೀಳುತ್ತದೆ. ಇಷ್ಟು ಸರಳ ಗಣಿತ ಇದು. ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿಯ ನಂತರ ಹದಿನಾಲ್ಕು ತುಂಬದ ಮಕ್ಕಳನ್ನು ಇಂಥ ಕೂಲಿ ಕೆಲಸಕ್ಕೆ ಹಚ್ಚುವಂತಿಲ್ಲ, ಸ್ವಂತ ಮನೆಯ ಕೆಲಸಕ್ಕೆ ಶಾಲೆಯ ಹೊತ್ತು ಬಿಟ್ಟು ನೆರವಾಗಬಹುದು. ಕಾನೂನು ಹೇಳಿ ಹೆದರಿಸಿದರೆ ಟಂಟಂ ಅಗಸಿಯ ಬದಲು ಊರಾಚೆಯ ಹಳ್ಳದ ಬಳಿ ನಿಲ್ಲುತ್ತದೆ.

ನಾನು ಆರು ಗಂಟೆಗೆ ಅಗಸಿಗೆ ಹೋಗತೊಡಗಿದೆ. ಯಾರನ್ನೂ ಇಳಿಸಲು ಹೋಗಲಿಲ್ಲ. ಯಾರು ಹತ್ತುತ್ತಾರೆ ಎಂದು ನೋಡಿ, ಕೂಲಿಯವರನ್ನು ಒಟ್ಟುಗೂಡಿಸುವ ಹೆಣ್ಣುಮಗಳ ಜೊತೆ ಮಾತಾಡಿದೆ. "ಯಕ್ಕಾ, ದೊಡ್ಡವರನ್ನು ಎಷ್ಟು ಜನರನ್ನಾದರೂ ಕರೆದುಕೊಂಡು ಹೋಗು. ಸಣ್ಣವರನ್ನು ಬಿಟ್ಟುಹೋಗು." ಮೂರು ದಿನ ಆಕೆ ಮುಖ ತಿರುಗಿಸಿದರು. ನಾಲ್ಕನೆಯ ದಿನ ನಿಜವಾದ ತೊಡಕು ಹೇಳಿದರು. ಹೊಲಕ್ಕೆ ಹೋಗದೆಯೂ ಮನೆಯಲ್ಲಿ ಉಳಿಯುವ ಹುಡುಗಿಯರಿದ್ದರು, ಕೈಗೂಸನ್ನು ನೋಡಿಕೊಳ್ಳಲು. ನಮ್ಮ ಹಾಜರಿಯಲ್ಲಿ ಅವರೆಲ್ಲ "ಕೂಲಿಗೆ ಹೋಗಿದ್ದಾರೆ" ಎಂದೇ ದಾಖಲಾಗಿದ್ದರು. ಒಂದೇ ರೋಗವೆಂದುಕೊಂಡು ಎರಡು ರೋಗಗಳಿಗೆ ಒಂದೇ ಮದ್ದು ಕೊಡುತ್ತಿದ್ದೆವು. ತಮ್ಮ-ತಂಗಿಯರನ್ನು ಕರೆದುಕೊಂಡೇ ಬನ್ನಿ ಎಂದು ಹುಡುಗಿಯರಿಗೆ ಹೇಳಿದೆ. ಅಂಗನವಾಡಿ ನಮ್ಮ ಆವರಣದಲ್ಲೇ ಇತ್ತು. ಅಲ್ಲಿಯ ಕಾರ್ಯಕರ್ತೆ ಮೂರು ತುಂಬಿದವರನ್ನು ಕೂರಿಸಿಕೊಂಡರು, ಅದಕ್ಕೂ ಸಣ್ಣವರು ಅಕ್ಕಂದಿರ ಮಡಿಲಲ್ಲೇ ಪಾಠ ಕೇಳಿದರು. ತರಗತಿಯಲ್ಲಿ ಕೂಸು ಅಳುತ್ತದೆ ಎಂದು ಇಬ್ಬರು ಶಿಕ್ಷಕರು ಗೊಣಗಿದರು. ಅಳುತ್ತಿತ್ತು, ನಿಜ.

ಇದನ್ನು ಮುಖ್ಯ ಗುರುಗಳಿಗೆ ಮೊದಲೇ ಹೇಳಿದ್ದೆ. ಎರಡನೆಯವರು ಮುಗ್ಗರಿಸುವುದು ಹೆಚ್ಚಾಗಿ ಇಲ್ಲಿಯೇ. ನಾಳೆ ಯಾರಾದರೂ ದೂರು ಕೊಟ್ಟರೆ ಉತ್ತರ ಕೊಡಬೇಕಾದವರು ಅವರು. ಹಾಗಿರುವಾಗ ಅವರಿಗೆ ಅದು ಊರವರ ಬಾಯಿಂದ ತಿಳಿಯಬಾರದು. ಸಂಜೆ ಹೇಳಿದರಾಗುವ ಸಂಗತಿಗಳು ಬೇರೆ, ಹೇಳದೆಯೇ ಮುಗಿಸಬಹುದಾದವು ಬೇರೆ. ಎಲ್ಲವನ್ನೂ ಕೇಳಿ ಮಾಡುವವರಿಂದ ಮುಖ್ಯ ಗುರುಗಳಿಗೆ ಭಾರ ಇಳಿಯುವುದಿಲ್ಲ, ಏನನ್ನೂ ಕೇಳದವರಿಂದ ನಿದ್ದೆ ಬರುವುದಿಲ್ಲ. ಈ ವಿಂಗಡಣೆಗೆ ಸುತ್ತೋಲೆ ಇಲ್ಲ, ಮುಖ್ಯ ಗುರುಗಳು ಬದಲಾದಾಗಲೆಲ್ಲ ಹೊಸದಾಗಿ ಕಲಿಯಬೇಕು. ನಾನು ಮೂವರ ಕೈಕೆಳಗೆ ಕಲಿತೆ.

ಮಕ್ಕಳ ವಿವರ ದಾಖಲಿಸುವ ಇಲಾಖೆಯ ಆನ್‌ಲೈನ್ ವ್ಯವಸ್ಥೆ ಎಸ್‌ಎಟಿಎಸ್‌ಗೆ ಮಾಹಿತಿ ತುಂಬುವುದು, ಹಾಲಿನ ಪುಡಿಯ ಲೆಕ್ಕ, ಪ್ರತಿಭಾ ಕಾರಂಜಿಗೆ ವೇಷಭೂಷಣ ಇವೆಲ್ಲವೂ ಈ ಪಕ್ಕದ ಕುರ್ಚಿಗೇ ಬರುತ್ತವೆ. ಬರೆದರೆ ಪುಟ ತುಂಬುತ್ತದೆ, ಓದುವವರಿಗೆ ನಿದ್ದೆ ಬರುತ್ತದೆ.

ಒಂದನ್ನು ಮಾತ್ರ ಬಿಡಲಾರೆ. ನಮ್ಮ ರಾಜ್ಯದಲ್ಲಿ ಆರರಿಂದ ಎಂಟು ಎಂಬುದು ಎಲ್ಲ ಕಡೆ ಒಂದೇ ಸೂರಿನಡಿ ಇಲ್ಲ. ಎಷ್ಟೋ ಹಿರಿಯ ಪ್ರಾಥಮಿಕ ಶಾಲೆಗಳು ಏಳಕ್ಕೆ ಮುಗಿಯುತ್ತವೆ, ಎಂಟಕ್ಕೆ ಬೇರೆ ಊರಿನ ಪ್ರೌಢಶಾಲೆ. ನಮ್ಮಿಂದ ಅದು ಐದು ಕಿಲೋಮೀಟರ್. ಟಿಸಿ ಕೊಟ್ಟ ದಿನ ಆ ಮಕ್ಕಳು ನಮ್ಮ ಪುಸ್ತಕದಿಂದ ಹೋದರು, ಅಲ್ಲಿಯ ಪುಸ್ತಕಕ್ಕೆ ಇನ್ನೂ ಸೇರಿಲ್ಲ. ಈ ನಡುವಿನ ಕೆಲವು ವಾರ ಅವರು ಯಾರ ಲೆಕ್ಕಕ್ಕೂ ಇಲ್ಲ. ಹುಡುಗಿಯರ ಮದುವೆಯ ಮಾತು ಏಳುವುದೂ ಆ ಬೇಸಿಗೆಯಲ್ಲೇ. ಜೂನ್ ಮೂರನೆಯ ವಾರ ಪ್ರತಿ ವರ್ಷ ಒಂದು ಮಧ್ಯಾಹ್ನ ರಜೆ ಹಾಕಿ ಆ ಪ್ರೌಢಶಾಲೆಗೆ ಹೋಗುತ್ತಿದ್ದೆ. ಎಂಟನೆಯ ತರಗತಿಯ ಹಾಜರಿ ಪುಸ್ತಕ ಕೇಳಿ ಪಡೆದು ನನ್ನ ಪಟ್ಟಿಯ ಜೊತೆ ಬೆರಳಿಟ್ಟು ನೋಡುತ್ತಿದ್ದೆ. ಇದು ನನ್ನ ಕೆಲಸ ಎಂದು ಎಲ್ಲಿಯೂ ಬರೆದಿಲ್ಲ.

ಕಳೆದ ವರ್ಷ ವರ್ಗಾವಣೆಯಾದಾಗ ನನ್ನ ಜಾಗಕ್ಕೆ ಬಂದ ಶಿಕ್ಷಕಿಗೆ ಕೀಲಿಗಳು, ಚೀಲ, ಬದಲಿ ಅವಧಿಯ ಹಾಳೆ ಎಲ್ಲ ಒಪ್ಪಿಸಿದೆ. ಆಕೆ ನನ್ನ ನೋಟ್‌ಬುಕ್ಕಿನ ಪುಟ ತಿರುವುತ್ತ ಏಳನೆಯ ತರಗತಿಯ ಒಂದು ಹಳೆಯ ಪಟ್ಟಿಯ ಮೇಲೆ ನಿಂತರು. 31 ಹೆಸರುಗಳು, 29ರ ಮುಂದೆ ಸರಿ ಗುರುತು. "ಈ ಇಬ್ಬರು ಎಲ್ಲಿ, ಮೇಡಂ?" ಎಂದು ಕೇಳಿದರು. ಒಬ್ಬ ಬೆಂಗಳೂರಿನಲ್ಲಿ ಅಪ್ಪ-ಅಮ್ಮನ ಜೊತೆ ಕಟ್ಟಡದ ಕೆಲಸದ ಶೆಡ್ಡಿನಲ್ಲಿದ್ದ, ಅಲ್ಲಿಯೇ ಶಾಲೆಗೆ ಸೇರಿಸಿದ್ದಾರೆಂದು ಅವನ ಅಜ್ಜಿ ಹೇಳಿದ್ದರು. ಇನ್ನೊಬ್ಬಳ ಮನೆಯ ದಾರಿಯನ್ನು ಆ ಹಾಳೆಯ ಹಿಂದೆಯೇ ಗೆರೆ ಎಳೆದು ತೋರಿಸಿದೆ: ಅಗಸಿ ದಾಟಿ, ಹಿಟ್ಟಿನ ಗಿರಣಿಯ ಎಡಕ್ಕೆ, ಮೂರನೆಯ ಬಾಗಿಲು.